ತೂಕ ಇಳಿಸಿ ಬನ್ನಿ ಅಂದ್ರೆ, ಬರಬೇಡಿ ಅಂತಾನಾ?

ನಮ್ಮ ಮನೆಗಳಲ್ಲಿ ಕೆಲವು ಕಾಯಿಲೆಗಳಿಗೆ ಹೆಸರೇ ಇರಲ್ಲ. ಬಿಪಿ ಇದೆ, ಶುಗರ್ ಇದೆ, ಥೈರಾಯ್ಡ್ ಇದೆ ಅಂತ ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಜೋರಾಗಿಯೇ ಹೇಳ್ಕೋತೀವಿ. ಆದರೆ ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ ಒಂದು ಚೂರು ಮೂತ್ರ ಹೋಗಿಬಿಡೋದಕ್ಕೆ ಹೆಸರಿಲ್ಲ. "ಅದೊಂದು ತೊಂದರೆ" ಅಂತಾರೆ, ಅಷ್ಟೇ. ಬಸ್ ಹತ್ತೋ ದಿನ ಬೆಳಗ್ಗೆಯಿಂದ ನೀರು ಕುಡಿಯಲ್ಲ, ದಟ್ಟ ಬಣ್ಣದ ಸೀರೆಯೇ ಉಡ್ತಾರೆ, ಯಾವ ಛತ್ರಕ್ಕೆ ಹೋದ್ರೂ ಮೊದಲು ಬಾತ್‌ರೂಮ್ ಎಲ್ಲಿದೆ ನೋಡಿಟ್ಕೋತಾರೆ. ಇಷ್ಟೆಲ್ಲ ವ್ಯವಸ್ಥೆ ಮಾಡ್ಕೊಂಡು ಬದುಕೋದಕ್ಕೆ "ವಯಸ್ಸಾಯ್ತಲ್ಲ" ಅನ್ನೋ ಒಂದೇ ಕಾರಣ ಸಾಕು ಅಂದ್ಕೊಂಡಿರ್ತಾರೆ.

ಈ ಸಲದ ಅಂಕಣ ಅದರ ಬಗ್ಗೆ. ಅದರಲ್ಲೂ ದಪ್ಪ ಇರೋರಿಗೆ ಈ ತೊಂದರೆ ಬಂದಾಗ ಆಪರೇಷನ್ ಮಾಡಬಹುದಾ, ಮಾಡಿದ್ರೆ ಉಪಯೋಗ ಇದೆಯಾ ಅನ್ನೋ ಬಗ್ಗೆ. ಬರೀಲಾ ಅಂತ ಅಮ್ಮನನ್ನು ಕೇಳಿದೆ. "ಬರಿ, ನನ್ನ ಹೆಸರು ಮಾತ್ರ ಹಾಕ್ಬೇಡ ಕಣೇ" ಅಂದ್ರು. ಹಾಗಾಗಿ ಅಮ್ಮ ಇಲ್ಲಿ ಅಮ್ಮ ಮಾತ್ರ. ವಯಸ್ಸು 57, ಎತ್ತರ 155 ಸೆಂ.ಮೀ., ತೂಕ ಆಗ 86 ಕೆಜಿ. ಲೆಕ್ಕ ಹಾಕಿದ್ರೆ ಬಿಎಂಐ 36ರ ಹತ್ತಿರ.

ಮೂರು ವರ್ಷದ ಹಿಂದೆ ಅಮ್ಮ ಧೈರ್ಯ ಮಾಡಿ ಒಬ್ಬ ಡಾಕ್ಟರ ಹತ್ತಿರ ಹೋಗಿದ್ರು. ಆಸ್ಪತ್ರೆ ಹೆಸರು ಬೇಡ, ದೊಡ್ಡದೇ. ಅಮ್ಮ ವಾಕ್ಯ ಮುಗಿಸೋ ಮೊದಲೇ ಉತ್ತರ ಬಂತಂತೆ: "ಮೊದಲು 20 ಕೆಜಿ ಇಳಿಸ್ಕೊಂಡು ಬನ್ನಿ, ಆಮೇಲೆ ನೋಡೋಣ." ಪರೀಕ್ಷೆ ಇಲ್ಲ, ಯಾವಾಗ ಹೋಗುತ್ತೆ, ಎಷ್ಟು ಹೋಗುತ್ತೆ ಅನ್ನೋ ಪ್ರಶ್ನೆಯೂ ಇಲ್ಲ. ಅಮ್ಮ ಮನೆಗೆ ಬಂದು ಆ ಫೈಲನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ರು. ಎರಡು ವರ್ಷ ಮತ್ತೆ ಯಾರ ಹತ್ತಿರವೂ ಹೋಗಲಿಲ್ಲ.

ತೂಕ ಇಳಿಸೋಕೆ ನಡೀಬೇಕು. ಬೇಗ ಬೇಗ ನಡೆದ್ರೆ ಸೋರುತ್ತೆ. ಸೋರುತ್ತೆ ಅಂತ ನಡೆಯಲ್ಲ. ನಡೆಯದಿದ್ರೆ ತೂಕ ಏರುತ್ತೆ, ತೂಕ ಏರಿದ್ರೆ ಇನ್ನೂ ಸೋರುತ್ತೆ. ನಮ್ಮ ಕೋಡಿನಲ್ಲಿ ಇದಕ್ಕೆ ಡೆಡ್‌ಲಾಕ್ ಅಂತೀವಿ. ಇವನು ಬಿಡಲಿ ಅಂತ ಅವನು, ಅವನು ಬಿಡಲಿ ಅಂತ ಇವನು ಕಾಯ್ತಾ ಕೂರೋದು. ಹೊರಗಿನಿಂದ ಯಾರಾದ್ರೂ ಕೈಹಾಕಿ ಬಿಡಿಸಬೇಕು.

ನನ್ನ ಸಿಟ್ಟು ಇರೋದು ತೂಕದ ಮಾತಿನ ಮೇಲಲ್ಲ. ತೂಕದ ಮಾತು ನಿಜವೇ. ನಾನು ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್‌ಗೆ ಬಂದವಳು, ಒತ್ತಡದ ಲೆಕ್ಕ ಸ್ವಲ್ಪ ಅರ್ಥ ಆಗುತ್ತೆ. ಹೊಟ್ಟೆಯ ಕೊಬ್ಬಿನ ಭಾರ ಹಗಲೂ ರಾತ್ರಿ ಮೂತ್ರಕೋಶದ ಮೇಲೆ ಕೂತಿರುತ್ತೆ. ಕೆಳಗೆ ಅದನ್ನು ಹಿಡಿದಿರೋ ಸ್ನಾಯುಗಳು (ಪೆಲ್ವಿಕ್ ಫ್ಲೋರ್ ಅಂತಾರೆ) ಹೆರಿಗೆ, ವಯಸ್ಸು, ಮುಟ್ಟು ನಿಲ್ಲೋದು, ಹೀಗೆ ಎಲ್ಲ ಸೇರಿ ಮೊದಲೇ ಸಡಿಲ ಆಗಿರ್ತವೆ. ಅದರ ಮೇಲೆ ಒಂದು ಕೆಮ್ಮು ಬಂದ್ರೆ ಒಳಗಿನ ಒತ್ತಡ ಸಟ್ಟನೆ ಏರುತ್ತೆ, ಬಾಯಿ ಮುಚ್ಚಿಕೊಂಡಿರೋ ಶಕ್ತಿ ಅಷ್ಟಿರಲ್ಲ. ಸೋರುತ್ತೆ. ಇದು ಸ್ಟ್ರೆಸ್ ಇನ್‌ಕಾಂಟಿನೆನ್ಸ್. ಸ್ಟ್ರೆಸ್ ಅಂದ್ರೆ ಇಲ್ಲಿ ಆಫೀಸಿನ ಟೆನ್ಷನ್ ಅಲ್ಲ, ಹೊಟ್ಟೆಯೊಳಗಿನ ಒತ್ತಡ.

ಇನ್ನೊಂದು ಬಗೆ ಬೇರೆ. ಇದ್ದಕ್ಕಿದ್ದ ಹಾಗೆ ಅರ್ಜೆಂಟ್ ಆಗುತ್ತೆ, ಬಾಗಿಲ ಬೀಗ ತೆಗೆಯೋಷ್ಟರಲ್ಲಿ ಹೋಗಿಬಿಡುತ್ತೆ. ಅದು ಮೂತ್ರಕೋಶ ತಾನೇ ಹೊತ್ತಲ್ಲದ ಹೊತ್ತಲ್ಲಿ ಹಿಂಡಿಕೊಳ್ಳೋದರಿಂದ. ಅದಕ್ಕೆ ಅರ್ಜ್ ಇನ್‌ಕಾಂಟಿನೆನ್ಸ್ ಅಂತಾರೆ. ಎರಡೂ ಒಟ್ಟಿಗೆ ಇರೋರು ಬಹಳ ಜನ, ಅಮ್ಮನೂ ಅವರಲ್ಲಿ ಒಬ್ಬರು. ಈ ವ್ಯತ್ಯಾಸ ಯಾಕೆ ಮುಖ್ಯ ಅಂದ್ರೆ, ಮುಂದೆ ಹೇಳೋ ಆಪರೇಷನ್ ಮೊದಲನೇ ಬಗೆಗೆ ಮಾತ್ರ. ಎರಡನೆಯದಕ್ಕೆ ಮಾತ್ರೆ, ಮೂತ್ರಕೋಶದ ಗೋಡೆಗೆ ಬೊಟಾಕ್ಸ್ ಇಂಜೆಕ್ಷನ್, ಬೆನ್ನ ಕೆಳಭಾಗದ ನರಕ್ಕೆ ಸಣ್ಣ ಕರೆಂಟ್ ಕೊಡೋ ಸಾಧನ, ಹೀಗೆ ಬೇರೆಯೇ ದಾರಿ. ಯಾವುದು ಅಂತ ಕೇಳದೆ ಚಿಕಿತ್ಸೆ ಹೇಳೋದು, ಎರರ್ ಮೆಸೇಜ್ ಓದದೆ ಸಿಸ್ಟಮ್ ರೀಸ್ಟಾರ್ಟ್ ಮಾಡಿ ಅಂದ ಹಾಗೆ.

ತೂಕಕ್ಕೆ ವಾಪಸ್ ಬರ್ತೀನಿ. 2009ರಲ್ಲಿ ಅಮೆರಿಕದಲ್ಲಿ ಲೆಸ್ಲೀ ಸುಬಾಕ್ ಅನ್ನೋ ಡಾಕ್ಟರ ತಂಡ ಒಂದು ಅಧ್ಯಯನ ಪ್ರಕಟಿಸಿತು, ಪ್ರೈಡ್ ಅಂತ ಅದರ ಹೆಸರು. ದಪ್ಪ ಇರೋ, ವಾರಕ್ಕೆ ಕನಿಷ್ಠ 10 ಸಲ ಸೋರುತ್ತಿದ್ದ 338 ಹೆಂಗಸರು. ಒಂದು ಗುಂಪಿಗೆ 6 ತಿಂಗಳು ಊಟ, ವ್ಯಾಯಾಮದ ಕಟ್ಟುನಿಟ್ಟಾದ ಕಾರ್ಯಕ್ರಮ, ಇನ್ನೊಂದು ಗುಂಪಿಗೆ ಬರೀ ಮಾಹಿತಿಯ ತರಗತಿಗಳು. ಮೊದಲ ಗುಂಪಿನವರು ಸರಾಸರಿ 8% ತೂಕ ಇಳಿಸಿದ್ರು, ಕೆಜಿ ಲೆಕ್ಕದಲ್ಲಿ ಸುಮಾರು 7.8. ಅವರ ಸೋರಿಕೆ ವಾರದ ಲೆಕ್ಕದಲ್ಲಿ 47% ಕಡಿಮೆ ಆಯ್ತು. ಇನ್ನೊಂದು ಗುಂಪಿನಲ್ಲಿ 28%.

ಈ ಅಂಕಿಯನ್ನು ಎರಡು ಸಲ ಓದಿ. ಅರ್ಧದಷ್ಟು ಸೋರಿಕೆ ನಿಲ್ಲಿಸೋಕೆ 20 ಕೆಜಿ ಬೇಕಾಗಲಿಲ್ಲ, ಎಂಟು ಕೆಜಿ ಸಾಕಾಯ್ತು. ಅಮ್ಮನ ಲೆಕ್ಕದಲ್ಲಿ 8% ಅಂದ್ರೆ 7 ಕೆಜಿ. "ಏಳು ಕೆಜಿ ಇಳಿಸೋಣ, ಅದೇ ಒಂದು ಚಿಕಿತ್ಸೆ, ನಾನು ಜೊತೆಗಿರ್ತೀನಿ, ಉಳಿದದ್ದಕ್ಕೆ ಬೇರೆ ದಾರಿ ಇದೆ" ಅಂತ ಆ ಡಾಕ್ಟರು ಹೇಳಿದ್ರೆ ಅಮ್ಮ ಎರಡು ವರ್ಷ ಕಳ್ಕೋತಿರಲಿಲ್ಲ. ತೂಕ ಇಳಿಸೋದನ್ನು ಔಷಧಿ ಥರ ಬರೆದು ಕೊಡೋದು ಒಂದು. ಬಾಗಿಲಿಗೆ ಹಾಕಿದ ಬೀಗದ ಥರ ತೋರಿಸೋದು ಇನ್ನೊಂದು. ಅಂಕಿ ಬೆಂಬಲಿಸೋದು ಮೊದಲನೆಯದನ್ನು ಮಾತ್ರ.

ಎರಡನೇ ಡಾಕ್ಟರು ಸಿಕ್ಕಿದ್ದು ಚಿಕ್ಕಮ್ಮನ ಮೂಲಕ. ಯೂರೋಗೈನಕಾಲಜಿ ಅಂತ ಒಂದು ವಿಭಾಗವೇ ಇದೆ ಅನ್ನೋದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂತ್ರದ ಡಾಕ್ಟರ ಹತ್ತಿರ ಹೋಗಬೇಕಾ, ಹೆರಿಗೆ ಡಾಕ್ಟರ ಹತ್ತಿರ ಹೋಗಬೇಕಾ ಅನ್ನೋ ಗೊಂದಲದಲ್ಲೇ ಎಷ್ಟೋ ಜನ ನಿಂತುಬಿಡ್ತಾರೆ. ಇಬ್ಬರಲ್ಲಿ ಯಾರ ಹತ್ತಿರ ಬೇಕಾದರೂ ಹೋಗಬಹುದು, ಈ ತೊಂದರೆಯನ್ನೇ ಹೆಚ್ಚಾಗಿ ನೋಡೋರು ಸಿಕ್ಕಿದ್ರೆ ಒಳ್ಳೇದು.

ಅವರು ಮೊದಲು ಕೊಟ್ಟಿದ್ದು ಮಾತ್ರೆ ಅಲ್ಲ, ಒಂದು ಹಾಳೆ. ಮೂರು ದಿನ ಎಷ್ಟು ಕುಡಿದ್ರಿ, ಎಷ್ಟು ಸಲ ಹೋದ್ರಿ, ಯಾವಾಗ ಸೋರಿತು, ಏನು ಮಾಡ್ತಿದ್ರಿ ಅಂತ ಬರೀಬೇಕು. ಅಮ್ಮ ಹಾಲಿನ ಲೆಕ್ಕ ಬರೆಯೋ ಶ್ರದ್ಧೆಯಿಂದಲೇ ಬರೆದ್ರು. ನೋಡಿದ್ರೆ ದಿನಕ್ಕೆ ಐದು ಲೋಟ ಕಾಫಿ. ಆಮೇಲೆ ಇನ್‌ಫೆಕ್ಷನ್ ಇದೆಯಾ ಅಂತ ಮೂತ್ರ ಪರೀಕ್ಷೆ, ಶುಗರ್ ಪರೀಕ್ಷೆ, ಹೋಗಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನ್, ಮತ್ತೆ ಮೂತ್ರಕೋಶ ತುಂಬಿದಾಗ ಕೆಮ್ಮಿಸಿ ನೋಡೋದು. ಕೊನೆಯದು ಅಮ್ಮನಿಗೆ ಮುಜುಗರ. ಆದರೆ ಅದು ಅರ್ಧ ನಿಮಿಷದ ಕೆಲಸ, ಮತ್ತು ರೋಗ ಯಾವುದು ಅಂತ ಹೇಳೋದು ಅದೇ.

ಮುಂದಿನ ಮೂರು ತಿಂಗಳು ವ್ಯಾಯಾಮ. ಅಮೆರಿಕದ ಆರ್ನಾಲ್ಡ್ ಕೀಗಲ್ ಅನ್ನೋ ಸ್ತ್ರೀರೋಗ ತಜ್ಞರು 1948ರಲ್ಲಿ ಬರೆದ ಪದ್ಧತಿ ಇದು. ಕೆಳಗಿನ ಸ್ನಾಯುಗಳನ್ನು ಗಾಳಿ ತಡೆದುಕೊಳ್ಳೋ ಹಾಗೆ ಬಿಗಿ ಹಿಡಿದು ಬಿಡೋದು. ಒಂದು ಸಲಕ್ಕೆ ಕನಿಷ್ಠ 8, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು ಅಂತ ಬ್ರಿಟನ್ನಿನ ನೈಸ್ ಮಾರ್ಗಸೂಚಿ ಹೇಳುತ್ತೆ. ಯೂಟ್ಯೂಬ್ ನೋಡಿ ಮಾಡೋರಲ್ಲಿ ಬಹಳ ಜನ ತಪ್ಪು ಸ್ನಾಯು ಹಿಡೀತಾರೆ, ಹೊಟ್ಟೆ ಬಿಗಿ ಮಾಡಿ ಒತ್ತಡವನ್ನು ಇನ್ನಷ್ಟು ಕೆಳಕ್ಕೆ ತಳ್ತಾರೆ. ಒಂದು ಸಲವಾದ್ರೂ ಫಿಸಿಯೋಥೆರಪಿಸ್ಟ್ ಹತ್ತಿರ ಸರಿಯಾಗಿದೆಯಾ ಅಂತ ನೋಡಿಸ್ಕೊಳ್ಳಿ. ಅಮ್ಮ ಸೀರಿಯಲ್ ನೋಡ್ತಾ ಮಾಡೋರು. ಜಾಹೀರಾತು ಬಂದಾಗ ಹಿಡಿಯೋದು, ಮುಗಿದಾಗ ಬಿಡೋದು. ಹಾಗೆ ಮಾಡಬಾರದು, ಒಂದು ಹಿಡಿತ ಅಷ್ಟು ಉದ್ದ ಇರಬಾರದು ಅಂತ ಫಿಸಿಯೋ ಮೇಡಂ ಬೈದ ಮೇಲೆ ಎಣಿಸಿ ಮಾಡೋಕೆ ಶುರು ಮಾಡಿದ್ರು.

ಐದು ಲೋಟ ಕಾಫಿ ಎರಡಕ್ಕೆ ಇಳೀತು. ಪ್ಯಾಡ್ ಹಾಕ್ಕೊಂಡು ಬೆಳಗ್ಗೆ ನಡಿಗೆ ಶುರು ಆಯ್ತು. ಅದೂ ಮುಟ್ಟಿನ ಪ್ಯಾಡ್ ಅಲ್ಲ, ಮೂತ್ರಕ್ಕೆ ಅಂತಲೇ ಬರೋ ಪ್ಯಾಡ್, ಹೀರೋ ರೀತಿ ಬೇರೆ. ಆರು ತಿಂಗಳಲ್ಲಿ 5 ಕೆಜಿ ಇಳೀತು. ಅರ್ಜೆಂಟ್ ಆಗೋದು ಬಹಳ ಕಡಿಮೆ ಆಯ್ತು. ಕೆಮ್ಮಿದಾಗ ಸೋರೋದು ಅರ್ಧ ಆಯ್ತು, ಆದರೆ ನಿಲ್ಲಲಿಲ್ಲ. ಡಾಕ್ಟರು ಆಪರೇಷನ್ ವಿಷಯ ಎತ್ತಿದ್ದು ಆಗ. ತೂಕ 81 ಇತ್ತು. ಬಿಎಂಐ 34ರ ಹತ್ತಿರ, ಇನ್ನೂ ಬೊಜ್ಜಿನ ಲೆಕ್ಕದಲ್ಲೇ.

ನಾನು ಕೇಳಿದೆ, ಇಷ್ಟು ತೂಕ ಇದ್ರೂ ಮಾಡಬಹುದಾ ಡಾಕ್ಟ್ರೇ ಅಂತ. ಅವರ ಉತ್ತರದ ಸಾರ ಇಷ್ಟು: ತೂಕ ಜಾಸ್ತಿ ಇರೋರಲ್ಲಿ ಪೂರ್ತಿ ಒಣಗೋರ ಪ್ರಮಾಣ ಸ್ವಲ್ಪ ಕಡಿಮೆ. ಆದರೂ ಹೆಚ್ಚಿನವರಿಗೆ ಒಳ್ಳೇ ಉಪಯೋಗ ಆಗುತ್ತೆ. ತೂಕ ಒಂದೇ ಕಾರಣಕ್ಕೆ ಬೇಡ ಅನ್ನೋ ಆಪರೇಷನ್ ಇದಲ್ಲ.

ಆಪರೇಷನ್ನಿನ ಹೆಸರು ಸ್ಲಿಂಗ್. ಕನ್ನಡದಲ್ಲಿ ಹೇಳಬೇಕಂದ್ರೆ ಜೋಲಿ, ಅದಕ್ಕಿಂತ ಸರಿಯಾದ ಪದ ಸಿಗಲ್ಲ. ಮಗುವನ್ನು ಮಲಗಿಸೋ ಜೋಲಿ ಹೇಗೆ ಕೆಳಗಿನಿಂದ ಭಾರ ಹೊರುತ್ತೋ ಹಾಗೆ, ಸುಮಾರು ಒಂದು ಸೆಂ.ಮೀ. ಅಗಲದ ಪಾಲಿಪ್ರೊಪಿಲೀನ್ ಬಲೆಯ ಪಟ್ಟಿಯನ್ನು ಮೂತ್ರ ಹೊರಗೆ ಬರೋ ನಾಳದ ನಡುಭಾಗದ ಕೆಳಗೆ ಹಾಯಿಸ್ತಾರೆ. ಬಿಗಿಯಾಗಿ ಕಟ್ಟಲ್ಲ, ಸಡಿಲವಾಗಿ ಇಡ್ತಾರೆ. ಸುಮ್ಮನೆ ಇದ್ದಾಗ ಅದಕ್ಕೆ ಕೆಲಸ ಇಲ್ಲ. ಕೆಮ್ಮಿದಾಗ ನಾಳ ಕೆಳಕ್ಕೆ ಜಾರೋಕೆ ಹೋಗಿ ಪಟ್ಟಿಗೆ ಒತ್ತಿಕೊಳ್ಳುತ್ತೆ, ಬಾಯಿ ಮುಚ್ಚುತ್ತೆ. ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್, ಆಸ್ಟ್ರೇಲಿಯಾದ ಪೀಟರ್ ಪೆಟ್ರೋಸ್ 90ರ ದಶಕದಲ್ಲಿ ರೂಪಿಸಿದ ವಿಧಾನ. ಯೋನಿಯ ಮುಂಗೋಡೆಯಲ್ಲಿ ಒಂದು ಸಣ್ಣ ಗಾಯ, ಹೊರಗಡೆ ಎರಡು ಚುಚ್ಚಿದ ಗುರುತು, ಅರ್ಧ ಗಂಟೆಯ ಆಸುಪಾಸಿನ ಕೆಲಸ. ಇದಕ್ಕೂ ಮೊದಲು ಹೊಟ್ಟೆ ಕೊಯ್ದು ಮಾಡ್ತಿದ್ದ ಬರ್ಚ್ ಅನ್ನೋ ಆಪರೇಷನ್ ಇತ್ತು, ಈಗಲೂ ಇದೆ. ದಪ್ಪ ಇರೋರಿಗೆ ದೊಡ್ಡ ಗಾಯ ಅಂದ್ರೆ ಕೀವು ಆಗೋ ಭಯ ಜಾಸ್ತಿ. ಸಣ್ಣ ಗಾಯದ ಜೋಲಿ ಅವರಿಗೆ ಅನುಕೂಲ ಆಗೋದು ಈ ಕಾರಣಕ್ಕೂ ಹೌದು.

ಪಟ್ಟಿ ಹಾಯಿಸೋಕೆ ಎರಡು ದಾರಿ. ಒಂದು ಮುಂಭಾಗದ ಮೂಳೆಯ ಹಿಂದಿನಿಂದ ಮೇಲಕ್ಕೆ, ಇನ್ನೊಂದು ತೊಡೆಯ ಸಂದಿನ ಕಡೆಗೆ. 2010ರಲ್ಲಿ ಪ್ರಕಟವಾದ ಟೋಮಸ್ ಅಧ್ಯಯನದಲ್ಲಿ 597 ಹೆಂಗಸರಿಗೆ ಎರಡನ್ನೂ ಹೋಲಿಸಿದ್ರು. ಒಂದು ವರ್ಷದ ನಂತರ ಪರೀಕ್ಷೆ ಮಾಡಿ ನೋಡಿದಾಗ ಮೊದಲನೆಯದರಲ್ಲಿ 80.8%, ಎರಡನೆಯದರಲ್ಲಿ 77.7% ಜನಕ್ಕೆ ಯಶಸ್ಸು. ಅಂದ್ರೆ ಹೆಚ್ಚುಕಡಿಮೆ ಒಂದೇ. ತೊಂದರೆಗಳು ಮಾತ್ರ ಬೇರೆ ಬೇರೆ. ಮೂತ್ರ ಕಟ್ಟಿಕೊಂಡು ಮತ್ತೆ ಆಪರೇಷನ್ ಬೇಕಾಗಿದ್ದು ಮೊದಲನೆಯದರಲ್ಲಿ 2.7%, ಎರಡನೆಯದರಲ್ಲಿ ಯಾರಿಗೂ ಇಲ್ಲ. ತೊಡೆಯಲ್ಲಿ ಜೋಮು, ಬಲಹೀನತೆಯಂಥ ನರದ ತೊಂದರೆ ಮೊದಲನೆಯದರಲ್ಲಿ 4%, ಎರಡನೆಯದರಲ್ಲಿ 9.4%. ಇಂಥ ಅಂಕಿ ಮುಂದಿಟ್ಟುಕೊಂಡು ಮಾತಾಡೋ ಡಾಕ್ಟರು ಸಿಕ್ಕಿದ್ರೆ ಅರ್ಧ ಭಯ ಅಲ್ಲೇ ಹೋಗುತ್ತೆ.

ಇನ್ನರ್ಧ ಭಯ ಗೂಗಲ್‌ನಿಂದ ಬರುತ್ತೆ. ಅಣ್ಣ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದ, "ಮೆಷ್ ಬ್ಯಾನ್ ಆಗಿದೆಯಂತೆ ನೋಡು" ಅಂತ. ವಿಷಯ ಸುಳ್ಳಲ್ಲ, ಪೂರ್ತಿಯೂ ಅಲ್ಲ. ಗರ್ಭಕೋಶ, ಮೂತ್ರಕೋಶ ಜಾರಿದಾಗ ಯೋನಿಯ ಮೂಲಕ ಇಡ್ತಿದ್ದ ದೊಡ್ಡ ಬಲೆಗಳಿಂದ ಬಹಳ ಹೆಂಗಸರಿಗೆ ನೋವಾಯ್ತು, ಬಲೆ ಒಳಗೆ ಕೊರೆದು ಹೊರಬಂತು. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಅವುಗಳ ಮಾರಾಟ ನಿಲ್ಲಿಸಿತು. ಸೋರಿಕೆಯ ಸಣ್ಣ ಪಟ್ಟಿಯನ್ನು ಆ ಆದೇಶದಲ್ಲಿ ಸೇರಿಸಲಿಲ್ಲ. ಆದರೆ ಇಂಗ್ಲೆಂಡ್ 2018ರ ಜುಲೈನಲ್ಲಿ ಸೋರಿಕೆಯ ಪಟ್ಟಿಯನ್ನೂ ಸೇರಿಸಿ ತಡೆ ಹಾಕಿತ್ತು. ಸಣ್ಣ ಪಟ್ಟಿಯೂ ಕೆಲವರಲ್ಲಿ ಕೊರೆದು ಹೊರಬರುತ್ತೆ, ನೋವು ಕೊಡುತ್ತೆ, ಮತ್ತೆ ತೆಗೆಯೋದು ಸುಲಭ ಅಲ್ಲ. ಬೇಡ ಅನ್ನೋರಿಗೆ ಅವರದೇ ಹೊಟ್ಟೆಯ ಸ್ನಾಯುವಿನ ಪೊರೆಯಿಂದ ಜೋಲಿ ಮಾಡೋ ವಿಧಾನ ಇದೆ, ಗಾಯ ದೊಡ್ಡದು. ನಾಳದ ಸುತ್ತ ಜೆಲ್ ಇಂಜೆಕ್ಷನ್ ಕೊಟ್ಟು ದಪ್ಪ ಮಾಡೋದೂ ಇದೆ. ಅರಿವಳಿಕೆಗೆ ತೀರಾ ಅಪಾಯ ಇರೋರಿಗೆ ಅದು ಒಳ್ಳೇದು, ಆದರೆ ಜೋಲಿಯಷ್ಟು ಗಟ್ಟಿ ಅಲ್ಲ, ಮತ್ತೆ ಮತ್ತೆ ಬೇಕಾಗಬಹುದು. ಇದನ್ನೆಲ್ಲ ಅಮ್ಮನ ಮುಂದೆ ಇಟ್ವಿ. ಅಮ್ಮ ಎರಡು ದಿನ ಯೋಚನೆ ಮಾಡಿ ಪಟ್ಟಿಯೇ ಆಗಲಿ ಅಂದ್ರು. ಮನೆಯ ಬೇರೆ ಯಾರ ಓಟಿಗೂ ಅಲ್ಲಿ ಲೆಕ್ಕ ಇರಲಿಲ್ಲ.

ದಪ್ಪ ಇರೋರಿಗೆ ನಿಜವಾದ ಅಪಾಯ ಹೆಚ್ಚಾಗಿ ಪಟ್ಟಿಯಿಂದಲ್ಲ, ಅರಿವಳಿಕೆ ಮತ್ತು ಆಮೇಲಿನ ದಿನಗಳಿಂದ. ಅರಿವಳಿಕೆ ಡಾಕ್ಟರು ಮೊದಲು ಕೇಳಿದ್ದೇ "ಗೊರಕೆ ಹೊಡೀತಾರಾ?" ಅಂತ. ಅಪ್ಪ, "ಪಕ್ಕದ ಮನೆಯವರನ್ನೇ ಕೇಳಿ ಸಾರ್" ಅಂದ್ರು. ನಗಬೇಡಿ, ಗೊರಕೆ ನಡುವೆ ಉಸಿರು ನಿಲ್ಲೋ ಸ್ಲೀಪ್ ಆಪ್ನಿಯಾ ಇದ್ರೆ ಆಪರೇಷನ್ ದಿನ ಅದಕ್ಕೆ ಬೇರೆ ತಯಾರಿ ಬೇಕು. ಶುಗರ್ ಹತೋಟಿಗೆ ಬರಬೇಕು, ಇಲ್ಲಾಂದ್ರೆ ಗಾಯ ಮಾಯಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದ ಹಾಗೆ ಅದೇ ದಿನ ಎಬ್ಬಿಸಿ ನಡೆಸ್ತಾರೆ. "ಪಾಪ, ಮಲಗಲಿ ಬಿಡಿ" ಅನ್ನೋ ನೆಂಟರನ್ನು ವಾರ್ಡಿನಿಂದ ದೂರ ಇಡಿ.

ಅಮ್ಮ ಮಾರನೇ ದಿನ ಮನೆಗೆ ಬಂದ್ರು. ಮೊದಲ ದಿನ ಮೂತ್ರ ಸರಿಯಾಗಿ ಹೋಗದೆ ಒಂದು ರಾತ್ರಿ ಕ್ಯಾತಿಟರ್ ಇಡಬೇಕಾಯ್ತು, ಹೀಗಾಗೋದು ಅಪರೂಪ ಏನಲ್ಲ. ಆರು ವಾರ ಭಾರ ಎತ್ತೋ ಹಾಗಿಲ್ಲ ಅಂದಿದ್ರು. ತುಂಬಿದ ಕುಕ್ಕರ್ ಕೂಡ ಭಾರವೇ ಅನ್ನೋದನ್ನು ಅಮ್ಮನಿಗೆ ಒಪ್ಪಿಸೋದು ಆಪರೇಷನ್‌ಗಿಂತ ಕಷ್ಟ ಆಯ್ತು. ಈಗ ಹತ್ತು ತಿಂಗಳಾಗಿದೆ. ಕೆಮ್ಮಿದ್ರೆ ಸೋರಲ್ಲ. ಅರ್ಜೆಂಟ್ ಆಗೋದು ಆಗಾಗ ಇದೆ, ಅದಕ್ಕೆ ಒಂದು ಮಾತ್ರೆ. ಪೂರ್ತಿ ವಾಸಿ ಅಂತ ನಾನು ಬರೆಯಲ್ಲ.

ಬಿಎಂಐ ಇನ್ನೂ ಜಾಸ್ತಿ ಇದ್ದು ಬೇರಿಯಾಟ್ರಿಕ್ ಆಪರೇಷನ್ ಯೋಚನೆ ಮಾಡ್ತಿರೋರಿಗೆ ಒಂದು ಮಾತು. ಸಾಮಾನ್ಯವಾಗಿ ಅದನ್ನೇ ಮೊದಲು ಮಾಡಿಸಿ, ಆಮೇಲೆ ಸೋರಿಕೆ ಎಷ್ಟು ಉಳಿಯುತ್ತೆ ನೋಡೋದು ವಾಸಿ. 2015ರಲ್ಲಿ ಸುಬಾಕ್ ಅವರ ತಂಡದ ಇನ್ನೊಂದು ವರದಿ ಬಂತು. ಬೇರಿಯಾಟ್ರಿಕ್ ಮಾಡಿಸೋ ಮೊದಲು 49.3% ಹೆಂಗಸರಿಗೆ ಸೋರಿಕೆ ಇತ್ತು, ಒಂದು ವರ್ಷದ ನಂತರ 18.3%. ಮೂರನೇ ವರ್ಷಕ್ಕೆ ಸ್ವಲ್ಪ ಏರಿ 24.8%. ಅಂದ್ರೆ ಎಷ್ಟೋ ಜನಕ್ಕೆ ಜೋಲಿಯ ಅಗತ್ಯವೇ ಬೀಳಲ್ಲ. ಹಾಗಂತ ಬರೀ ಸೋರಿಕೆಗೋಸ್ಕರ ಹೊಟ್ಟೆ ಚಿಕ್ಕದು ಮಾಡಿಸ್ಕೊಳ್ಳೋದು ಅತಿಯಾಯ್ತು.

ಇದನ್ನು ಅಮ್ಮಂದಿರ ವಿಷಯ ಅಂತ ಸ್ಕ್ರೋಲ್ ಮಾಡ್ತಿರೋ ನನ್ನ ವಯಸ್ಸಿನವರೇ, ಸ್ವಲ್ಪ ನಿಲ್ಲಿ. ಹೆರಿಗೆ ಆಗಿ ಆಫೀಸಿಗೆ ವಾಪಸ್ ಬಂದ ಗೆಳತಿಯೊಬ್ಬಳು ಜಿಮ್‌ನಲ್ಲಿ ಜಂಪಿಂಗ್ ಜಾಕ್ ಬಂದಾಗ ಮಾತ್ರ ನೀರು ಕುಡಿಯೋಕೆ ಹೋಗ್ತಾಳೆ. ಯಾಕೆ ಅಂತ ಅವಳೇ ಹೇಳಿದ್ಳು. ಈ ವಯಸ್ಸಿಗೆ ವ್ಯಾಯಾಮದಿಂದಲೇ ಬಹಳ ಮಟ್ಟಿಗೆ ಸರಿ ಹೋಗೋ ಸಾಧ್ಯತೆ ಇದೆ. ಇನ್ನೂ ಮಕ್ಕಳು ಬೇಕು ಅಂತಿದ್ರೆ ಜೋಲಿಯನ್ನು ಸಾಮಾನ್ಯವಾಗಿ ಮುಂದಕ್ಕೆ ಹಾಕ್ತಾರೆ.

ಕೊನೆಗೆ ಇನ್ಶೂರೆನ್ಸ್. ಕಂಪನಿಯ ಪಾಲಿಸಿಯಲ್ಲಿ ಅಪ್ಪ ಅಮ್ಮನನ್ನು ಸೇರಿಸಿರೋರು ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ 06ನೇ ಕೋಡ್ ಓದಿ. ಬೊಜ್ಜಿನ ಆಪರೇಷನ್‌ಗೆ ಅಲ್ಲಿ ಷರತ್ತುಗಳಿವೆ: ಡಾಕ್ಟರ ಸಲಹೆ ಇರಬೇಕು, ಬಿಎಂಐ 40 ಅಥವಾ ಮೇಲಿರಬೇಕು, ಇಲ್ಲವೇ 35ರ ಮೇಲಿದ್ದು ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬರದ ಶುಗರ್‌ನಂಥ ತೊಂದರೆ ಇರಬೇಕು. ಮೂತ್ರ ಸೋರಿಕೆ ಆ ಪಟ್ಟಿಯಲ್ಲಿ ಇಲ್ಲ. ಆದರೆ ಜೋಲಿ ಹಾಕೋದು ಬೊಜ್ಜಿನ ಆಪರೇಷನ್ನೇ ಅಲ್ಲ. ನಮ್ಮ ಅರ್ಜಿ ಹೋದಾಗ ಕೇಸ್ ಶೀಟಿನಲ್ಲಿ "ಒಬೆಸಿಟಿ" ಅನ್ನೋ ಪದ ನೋಡಿದ್ದೇ ಆ ಕಡೆಯಿಂದ ಪ್ರಶ್ನೆ ಬಂತು, ಇದು ತೂಕದ ಚಿಕಿತ್ಸೆಯಾ ಅಂತ. ಡಾಕ್ಟರು ಲೆಟರ್‌ಹೆಡ್ ತೆಗೆದು ಎರಡು ಸಾಲು ಬರೆದ್ರು: ರೋಗ ಸ್ಟ್ರೆಸ್ ಯೂರಿನರಿ ಇನ್‌ಕಾಂಟಿನೆನ್ಸ್, ಚಿಕಿತ್ಸೆ ಸ್ಲಿಂಗ್, ತೂಕ ಇಳಿಸೋ ಉದ್ದೇಶ ಇಲ್ಲ. ನಾಲ್ಕನೇ ದಿನ ಅನುಮತಿ ಬಂತು. ಆ ಎರಡು ಸಾಲನ್ನು ಅರ್ಜಿ ಹಾಕೋ ಮೊದಲೇ ಬರೆಸಿಟ್ಕೊಳ್ಳಿ.